ದನದ ಕಂಪೌಂಡರು ದೋಣಿ ಕೊಂಡದ್ದು

ದೋಣಿಗೆ ಜಂತಿನ ಔಷಧ ಕುಡಿಸಲು ಹೊರಟ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವನ ಮನೆಯಲ್ಲೇ ಉಂಡು ಬೆಳೆದಿದ್ದೇನೆ! ಆತ ನನ್ನ ತಾಯಿಯ ತಮ್ಮ, ನನ್ನ ಖಾಸಾ ಸೋದರಮಾವ. ಹಳೆಯ ದೋಣಿಯೊಂದರ ಹಲಗೆಯಲ್ಲಿ ಹುಳ ಕೊರೆದ ಸಣ್ಣ ಸಣ್ಣ ತೂತು ಕಂಡ ಕೂಡಲೇ ಅವನ ಕೈ ತಾನಾಗಿಯೇ ಚೀಲದೊಳಗಿನ ಬಾಟಲಿಯ ಕಡೆಗೆ ಹೋಯಿತು. ಕುಡಿಸಿಯೇ ಬಿಡುತ್ತಿದ್ದನೇನೋ. ಆದರೆ ದೋಣಿಗೆ ಬಾಯಿ ಎಲ್ಲಿದೆ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ನಗುವ ಮೊದಲು ಅವನ ಪರವಾಗಿ ಎರಡು ಮಾತು ಹೇಳಲು ಬಿಡಿ. ಇದು ಎಪ್ಪತ್ತರ ದಶಕದ ನಡುವಿನ ಮಾತು. ಮಾಮಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಮೊದಲು ತಿಕೋಟಾದಲ್ಲಿ, ಆಮೇಲೆ ಬಬಲೇಶ್ವರದಲ್ಲಿ. ಮನೆ ಮಾತ್ರ ವಿಜಾಪುರದ ಅಂಚಿನ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ. ತಂದೆ ತೀರಿಕೊಂಡ ಮೇಲೆ ನಾನೂ ನನ್ನ ತಾಯಿಯೂ ಅದೇ ಮನೆಯಲ್ಲಿ ಮಾಮಾ, ಮಾಮಿ ಮತ್ತು ಅವರ ಇಬ್ಬರು ಸಣ್ಣ ಮಕ್ಕಳ ಜೊತೆ ಇದ್ದೆವು. ಮಾಮಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ. ಬರುವಾಗ ಫಿನೈಲಿನ ವಾಸನೆಯನ್ನೂ ಒಂದಿಷ್ಟು ಕಣಕಿ ಮೇವಿನ ಹೊಟ್ಟನ್ನೂ ಮೈಮೇಲೆ ಹೊತ್ತು ತರುತ್ತಿದ್ದ. ಅವನ ರೋಗಿಗಳೆಲ್ಲ ಮೂಕರು. ಎಮ್ಮೆ ಬಂದು ತನಗೆ ಹೊಟ್ಟೆನೋವು ಎಂದು ಹೇಳುವುದಿಲ್ಲ. ಎತ್ತು ಕಾಲು ಚಾಚಿ ಇಲ್ಲೇ ನೋವು ಎಂದು ತೋರಿಸುವುದಿಲ್ಲ. ಕಣ್ಣಿನ ರೆಪ್ಪೆ ಎಳೆಯಬೇಕು, ಕಿವಿ ಮುಟ್ಟಬೇಕು, ಪಕ್ಕೆ ಬಡಿಯಬೇಕು, ಕಡೆಗೆ ಇವನೇ ಒಂದು ನಿರ್ಣಯಕ್ಕೆ ಬರಬೇಕು.

ಈ ಪದ್ಧತಿಯನ್ನು ಮಾಮಾ ಮನೆಗೂ ತಂದಿದ್ದ. ಯಾರನ್ನೂ ಏನಾಗಿದೆ ಎಂದು ಕೇಳುತ್ತಿರಲಿಲ್ಲ, ನೋಡುತ್ತಿದ್ದ. ಒಮ್ಮೆ ಗೆಳತಿಯ ಮದುವೆಗೆ ಕಳಿಸಲಿಲ್ಲವೆಂದು ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಮಾಮಾ ಬಂದ, ನನ್ನ ಕೆಳಗಿನ ರೆಪ್ಪೆ ಎಳೆದ, ರಕ್ತ ಕಡಿಮೆಯಾಗಿದೆ ಎಂದು ತೀರ್ಪು ಕೊಟ್ಟ, ಪೇಟೆಗೆ ಹೋಗಿ ಶೇಂಗಾ ಬೆಲ್ಲ ತಂದು ಮುಂದೆ ಇಟ್ಟ. ಅಳುವ ಕಾರಣ ಹೇಳಲು ನನಗೆ ಅವಕಾಶವೇ ಸಿಗಲಿಲ್ಲ. ಶೇಂಗಾ ಬೆಲ್ಲ ಅಷ್ಟೂ ತಿಂದು ಮುಗಿಸಿದೆ ಎನ್ನುವುದು ಬೇರೆ ಮಾತು.

ತನ್ನ ಹೆಂಡತಿಯ ರೋಗವನ್ನೂ ಅವನು ಹೀಗೆಯೇ ಕಂಡುಹಿಡಿದಿದ್ದ. ಮಾಮಿ ಕೃಷ್ಣಾ ನದಿಯ ದಂಡೆಯ ಊರಿನವಳು. ಅವಳ ತವರಿನಲ್ಲಿ ಹಿತ್ತಲ ಬಾಗಿಲು ತೆಗೆದರೆ ಹೊಳೆ. ಇಬ್ರಾಹಿಂಪುರದಲ್ಲಿ ಬಾಗಿಲು ತೆಗೆದರೆ ಗೂಡ್ಸ್ ಗಾಡಿ. ಇನ್ನು ನೀರಿನ ವಿಷಯವನ್ನಂತೂ ಕೇಳಲೇಬೇಡಿ. ನಮ್ಮ ಓಣಿಯ ನಳಕ್ಕೆ ಮನಸ್ಸು ಬಂದಾಗ ಬರುವ ಸ್ವಭಾವ. ಮಾಮಿ ಕೊಡ ಹಿಡಿದು ಪಾಳಿಗೆ ನಿಂತಾಗಲೆಲ್ಲ ಮಾಮಾ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದ. ಸಂಜೆ ಅವಳು ಕಟ್ಟೆಯ ಮೇಲೆ ತೆಂಕಣಕ್ಕೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದಳು. ತೆಂಕಣಕ್ಕೆ ಹೊಳೆ ಇದೆ. ತಂಪು ಗಾಳಿ ಬರುವುದೂ ಅತ್ತ ಕಡೆಯಿಂದಲೇ ಎಂದು ನನ್ನ ತಾಯಿ ಹೇಳಿ ನೋಡಿದಳು. ಮಾಮಾ ಕಿವಿಗೆ ಹಾಕಿಕೊಳ್ಳಲಿಲ್ಲ.

"ಹೊಳಿ ದಂಡಿ ಹೆಣ್ಣುಮಗಳನ್ನ ತಂದು ನಳದ ಪಾಳಿಗೆ ನಿಂದರ್ಸೇನಿ ಅಕ್ಕಾ," ಎಂದ. "ಒಮ್ಮೆರೆ ಆಕಿನ್ನ ನೀರಿನ ಮ್ಯಾಲ ಕುಂದರ್ಸಬೇಕು. ಇಲ್ಲಂದ್ರ ನನ್ನ ಜೀವಕ್ಕ ಸಮಾಧಾನ ಇಲ್ಲ."

ಈ ಮಾತಿನಲ್ಲಿ ತಮಾಷೆ ಇರಲಿಲ್ಲ. ಮಾಮಾನ ಉಳಿದ ಹುಚ್ಚುಗಳಿಗೆಲ್ಲ ನಾವು ನಗುತ್ತಿದ್ದೆವು, ಇದಕ್ಕೆ ನಗಲು ಆಗುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ತಾನು ಆಕೆಗೆ ಅನ್ಯಾಯ ಮಾಡಿದೆ ಎಂಬ ಮುಳ್ಳು ಅವನ ಎದೆಯಲ್ಲಿ ಹಾಗೇ ಕೂತಿತ್ತು.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಬಬಲೇಶ್ವರದ ಆಚೆ ಮಮದಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡ ಕೆರೆಯಿದೆ. ಅದು ತುಂಬಿ ತುಳುಕುತ್ತಿದೆ ಎಂದು ದವಾಖಾನೆಗೆ ಎಮ್ಮೆ ತಂದವರು ಮಾಮಾನ ಕಿವಿಗೆ ಹಾಕಿದರು. ಸಂಜೆ ಬಸ್ಸಿಳಿದು ಬಂದವನೇ ಚಹಾ ಕೂಡ ಕುಡಿಯದೆ ತನ್ನ ಯೋಜನೆ ಬಿಚ್ಚಿದ. ಒಂದು ಹಳೆಯ ದೋಣಿ ಕೊಳ್ಳುವುದು. ಅದನ್ನು ಗಾಲಿಯ ಮೇಲೆ ಕೂರಿಸಿ ಮನೆಯಲ್ಲೇ ಇಟ್ಟುಕೊಳ್ಳುವುದು. ರವಿವಾರಕ್ಕೊಮ್ಮೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಕೆರೆಗೆ ಹೋಗುವುದು, ತಿರುಗಾಡುವುದು, ಮೀನು ಹಿಡಿಯುವುದು, ಅಲ್ಲೇ ಹುರಿದು ತಿನ್ನುವುದು. ಗಾಲಿ ಯಾಕೆ, ಕೆರೆಯ ದಂಡೆಯಲ್ಲೇ ದೋಣಿ ಬಿಟ್ಟರಾಗದೇ ಎಂದು ನಾನು ಕೇಳಿದೆ. ಮಾಮಾ ನನ್ನನ್ನು ಕನಿಕರದಿಂದ ನೋಡಿದ. ಸಂಜೆ ಮನೆಗೆ ಬಾರದ ದನ ಯಾರ ಹಟ್ಟಿಯಲ್ಲಿದ್ದರೂ ಇರಬಹುದು, ದೋಣಿಯ ನಡತೆಯನ್ನು ಹೇಗೆ ನಂಬುವುದು ಎಂದ.

ಮಾಮಿ ಒಲೆಯ ಹತ್ತಿರ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಇದೆಲ್ಲ ನಿನ್ನ ಸಲುವಾಗಿಯೇ ಎಂದು ಮಾಮಾ ಅವಳಿಗೆ ಹೇಳಿದ. ದೋಣಿ ಎಷ್ಟು ದೊಡ್ಡದಿರುತ್ತದೆ ಎಂದಷ್ಟೇ ಅವಳು ಕೇಳಿದಳು. ಎಲ್ಲರೂ ಹಿಡಿಸುವಷ್ಟು ಎಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬೇಳೆ ತಿರುವಲು ಎದ್ದುಹೋದಳು. ಕಣ್ಣು ತುಂಬಿ ಬಂತು ನೋಡಿದೆಯಾ ಎಂದು ಮಾಮಾ ನನ್ನನ್ನು ಮೊಣಕೈಯಿಂದ ತಿವಿದ. ಉಳ್ಳಾಗಡ್ಡಿಯನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

ದೋಣಿ ಆರಿಸುವ ಕೆಲಸಕ್ಕೆ ಮಾಮಾ ನನ್ನನ್ನೇ ಯಾಕೆ ಕರೆದುಕೊಂಡು ಹೋದ ಎಂಬುದನ್ನು ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ನಾನು ಆಗತಾನೆ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಮೈಕಟ್ಟು ಚೆನ್ನಾಗಿತ್ತು, ಅಂದರೆ ಬೇಕಾದದ್ದಕ್ಕಿಂತ ಒಂದು ಕೈ ಹೆಚ್ಚೇ ಚೆನ್ನಾಗಿತ್ತು. ನಾನು ಕೂತು ದೋಣಿ ತಡೆದುಕೊಂಡರೆ ಮನೆಮಂದಿಯೆಲ್ಲ ಕೂತ ಹಾಗೆಯೇ ಎಂದು ಮಾಮಾ ನನ್ನ ತಾಯಿಗೆ ವಿವರಿಸಿದ. ನನ್ನ ತಾಯಿ ಅದನ್ನು ಒಪ್ಪಿದಳು! ಅವತ್ತಿಡೀ ನಾನು ಇಬ್ಬರ ಜೊತೆಯೂ ಮಾತಾಡಲಿಲ್ಲ.

ಮೊದಲು ನೋಡಿದ್ದು ಬಿದಿರಿನಿಂದ ಹೆಣೆದು ತೊಗಲು ಬಿಗಿದ ಹರಗೋಲನ್ನು. ನೋಡಲು ಬುಟ್ಟಿಯ ಹಾಗೆ ದುಂಡಗಿತ್ತು. ಹಗುರ, ಎತ್ತಲು ಸುಲಭ, ಬೆಲೆಯೂ ಕಡಿಮೆ. ಬೇರೆ ಯಾರಾದರೂ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಮಾಮಾ ಅದರ ಸುತ್ತ ತಿರುಗಿದ, ಮತ್ತೆ ಉಲ್ಟಾ ತಿರುಗಿದ, ತಲೆ ಕೆರೆದುಕೊಂಡ. ಇದರ ಮುಖ ಯಾವ ಕಡೆ, ಬಾಲ ಯಾವ ಕಡೆ ಎಂದು ಮಾರುವವನನ್ನು ಕೇಳಿದ. ಎರಡೂ ಇಲ್ಲ ಎಂದು ಅವನು ಹೇಳಿದ. ಮುಖವಿಲ್ಲದ್ದನ್ನು ಹಗ್ಗ ಕಟ್ಟಿ ಎಳೆಯುವುದಾದರೂ ಎಲ್ಲಿಂದ? ಹಾಗಾಗಿ ಹರಗೋಲಿನ ಮಾತು ಬಿದ್ದುಹೋಯಿತು.

ಎರಡನೆಯದು ತಗಡಿನ ದೋಣಿ. ಅಥಣಿ ರಸ್ತೆಯಲ್ಲಿ ಒಬ್ಬ ಗುಜರಿಯವನ ಅಂಗಳದಲ್ಲಿ ಬೋರಲು ಬಿದ್ದಿತ್ತು. ಎಲ್ಲೋ ಸೇತುವೆ ಕಟ್ಟುವಾಗ ಕಲ್ಲು ಸಾಗಿಸಿದ್ದಂತೆ. ಮಾಮಾ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಇನ್ನೊಂದು ಕೈಯಿಂದ ಬಡಿದ. ಢಬ್ ಢಬ್ ಅಂದಿತು. ಇನ್ನೊಮ್ಮೆ ಬಡಿದು ಕಿವಿ ಹಚ್ಚಿ ಕೇಳಿದ. ಹೊಟ್ಟೆ ಉಬ್ಬರ ಎಂದು ನನಗೆ ಮೆಲ್ಲಗೆ ಹೇಳಿದ. ತಗಡು ಎಂದರೆ ಹಾಗೆಯೇ ಸದ್ದು ಮಾಡುತ್ತದೆ ಎಂದು ನಾನು ಎಷ್ಟು ಹೇಳಿದರೂ ಆಗಲಿಲ್ಲ. ಉಬ್ಬರದ ದನವನ್ನು ಯಾರಾದರೂ ಗೊತ್ತಿದ್ದೂ ಗೊತ್ತಿದ್ದೂ ಕೊಳ್ಳುತ್ತಾರೆಯೇ? ಗುಜರಿಯವನು ಅವತ್ತು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡುತ್ತ ನಿಂತಿದ್ದ.

ಹೀಗೆ ಆರಿಸುವುದರಲ್ಲೇ ಬೇಸಿಗೆ ಬಂತು. ಆಗ ಹೊನವಾಡದಿಂದ ಸುದ್ದಿ ಬಂತು. ಅಲ್ಲಿ ಮಾಮಾನ ಗೆಳೆಯನೊಬ್ಬನಿದ್ದ, ಆಗತಾನೆ ದ್ರಾಕ್ಷಿ ಹಚ್ಚಿ ಟ್ರ್ಯಾಕ್ಟರ್ ಕೊಂಡವನು. ಅಡ್ಡ ಸಿಕ್ಕ ಕರುವನ್ನು ತೆಗೆದು ಅವನ ಹಸುವನ್ನು ಮಾಮಾ ಉಳಿಸಿದ್ದರಿಂದ, ಮಾಮಾ ಏನು ಕೇಳಿದರೂ ಇಲ್ಲ ಎನ್ನುವ ಹಾಗಿರಲಿಲ್ಲ. ಹೊನವಾಡದ ಆಚೆಯ ಒಂದು ಹಳ್ಳಿಯ ದೊಡ್ಡ ಮನೆತನದ ವಾಡೆಯಲ್ಲಿ ಕಟ್ಟಿಗೆಯ ದೋಣಿ ಇದೆ ಎಂದು ಅವನೇ ಪತ್ತೆ ಹಚ್ಚಿದ. ವಾಡೆಯ ಯಜಮಾನರ ಅಜ್ಜ ಸ್ವಂತ ಕೆರೆಯಲ್ಲಿ ಬಾತುಕೋಳಿ ಬೇಟೆಗೆ ಇಟ್ಟುಕೊಂಡಿದ್ದರಂತೆ. ಕೆರೆ ಎಂದೋ ಬತ್ತಿ ಅಲ್ಲಿ ಜೋಳ ಬೆಳೆಯುತ್ತಿದ್ದರು. ದೋಣಿ ಮಾತ್ರ ದನದ ಕೊಟ್ಟಿಗೆಯಲ್ಲಿ, ಒಂದು ಎಮ್ಮೆಗೂ ಕಣಕಿಯ ಬಣವೆಗೂ ನಡುವೆ ಉಳಿದುಕೊಂಡಿತ್ತು. ಅದರೊಳಗೆ ಒಂದು ಕೋಳಿ ಕಾವು ಕೂತಿತ್ತು. ಮಾಮಾ ಬಾಗಿಲಲ್ಲೇ ಕರಗಿಹೋದ. ದನಗಳ ಸಂಗಡ ಬೆಳೆದ ದೋಣಿ, ಇದರ ಗುಣ ಕೆಟ್ಟಿರಲು ಸಾಧ್ಯವೇ ಇಲ್ಲ ಎಂದ.

ಆಮೇಲೆ ನಡೆದ ತಪಾಸಣೆಯನ್ನು ವಾಡೆಯ ಆಳುಗಳೆಲ್ಲ ಕೆಲಸ ಬಿಟ್ಟು ಬಂದು ನೋಡಿದರು. ಹಲ್ಲು ನೋಡಲು ಇಲ್ಲವಾದ್ದರಿಂದ ಮಾಮಾ ಮೊಳೆಗಳ ಜಂಗು ನೋಡಿ ವಯಸ್ಸು ಹೇಳಿದ. ಬೆನ್ನೆಲುಬಿನ ಉದ್ದಕ್ಕೂ ಬೆರಳು ಒತ್ತಿದ. ಮೂಗಿನ ಹತ್ತಿರ ಬಾಗಿ ವಾಸನೆ ತೆಗೆದುಕೊಂಡ. ಹಲಗೆಯಲ್ಲಿದ್ದ ಕಟ್ಟಿಗೆಯ ಗಂಟು ಸರಿಯಾಗಿ ಹಣೆಯ ನಡುವೆ ಇದೆ, ಎತ್ತಿಗೆ ಅಲ್ಲಿ ಸುಳಿ ಇದ್ದರೆ ಮನೆಗೆ ಒಳ್ಳೆಯದು ಎಂದ. ಜಂತಿನ ಔಷಧದ ವಿಷಯ ಮೊದಲೇ ಹೇಳಿದ್ದೇನೆ. ಕಡೆಗೆ ಹಿಂದೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ದೋಣಿ ಒದೆಯಲಿಲ್ಲ! ಆಮೇಲೆ ನನ್ನ ಸರದಿ. ಕೋಳಿಯನ್ನು ಎಬ್ಬಿಸಿ ನನ್ನನ್ನು ಕೂರಿಸಿದರು. ಹಲಗೆ ಕಿರ್ ಎಂದಿತು, ಮುರಿಯಲಿಲ್ಲ. ಕೋಳಿ ಮಾತ್ರ ನನ್ನನ್ನು ಬೈಯುತ್ತ ಅಂಗಳ ಪೂರ್ತಿ ತಿರುಗಿತು.

ಬೆಲೆ ಕುದುರಿಸುವಾಗ ನಿಜವಾದ ತೊಡಕು ಬಂತು. ನಮ್ಮ ಕಡೆ ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳುಗಳಲ್ಲೇ ವ್ಯವಹಾರ ಮುಗಿಸುತ್ತಾರೆ. ಮಾಮಾ ಹೆಗಲ ಟವೆಲ್ಲು ತೆಗೆದು ಕೈಮೇಲೆ ಹರಡಿದ. ವಾಡೆಯ ಯಜಮಾನರೂ ಹಳೆಯ ಕಾಲದವರು, ಕೈ ಒಳಗಿಟ್ಟರು. ಇಬ್ಬರೂ ಹಾಗೆಯೇ ಕೈ ಹಿಡಿದು ನಿಂತರು. ನಿಂತೇ ನಿಂತರು. ಹಣೆಯ ಮೇಲೆ ಬೆವರು ಬಂತು. ಯಾಕೆಂದರೆ ಒಂದು ದೋಣಿಗೆ ಎಷ್ಟು ಬೆರಳು ಎಂಬುದು ಆ ಸುತ್ತಿನ ಹಳ್ಳಿಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಯಜಮಾನರೇ ನಾಚಿಕೊಂಡು ಟವೆಲ್ಲು ಸರಿಸಿ, ಈ ವರ್ಷ ಒಳ್ಳೆಯ ಎತ್ತಿನ ಜೋಡಿಗೆ ಏನು ದರ ನಡೆದಿದೆ ಎಂದು ಕೇಳಿದರು. ಮಾಮಾ ಹೇಳಿದ. ದೋಣಿ ಜೋಡಿಯಲ್ಲ, ಒಂಟಿ. ಆದ್ದರಿಂದ ಅರ್ಧ ಎಂದಾಯಿತು. ಮೇವು ತಿನ್ನುವುದಿಲ್ಲ, ಅದಕ್ಕೆ ಸ್ವಲ್ಪ ಹೆಚ್ಚು. ಸಗಣಿ ಹಾಕುವುದಿಲ್ಲ, ಅದಕ್ಕೆ ಸ್ವಲ್ಪ ಕಡಿಮೆ. ಹೀಗೆ ಇಬ್ಬರಿಗೂ ಮನಸ್ಸಿಗೆ ಬಂದು ಬೆಲ್ಲ ಹಂಚಿದರು.

ಹೊನವಾಡದ ಬಡಿಗ ಟೈರಿನ ಗಾಡಿಯೊಂದರ ಅಚ್ಚಿನ ಮೇಲೆ ದೋಣಿಗೆ ತಕ್ಕ ಚೌಕಟ್ಟು ಕೂರಿಸಿಕೊಟ್ಟ. ದೋಣಿಯ ಮುಂಭಾಗದ ಕಬ್ಬಿಣದ ಬಳೆಗೆ ಮಾಮಾ ಹೊಸ ಹಗ್ಗದ ಮೂಗುದಾರ ಹಾಕಿದ. ಗೆಳೆಯನ ಟ್ರ್ಯಾಕ್ಟರಿನ ಹಿಂದೆ ದೋಣಿ, ದೋಣಿಯೊಳಗೆ ನಾನೂ ಮಾಮಾನೂ. ರಣ ಬಿಸಿಲು, ಹನಿ ನೀರಿಲ್ಲದ ರಸ್ತೆ, ಧೂಳಿನಲ್ಲಿ ಅಲುಗಾಡುತ್ತ ಸಾಗುವ ದೋಣಿ. ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಜನ ಚಹಾದ ಬಸಿ ಹಿಡಿದುಕೊಂಡೇ ಎದ್ದು ನಿಂತರು. ಮಾಮಾ ಆ ಊರಿನಲ್ಲಿ ಕೆಲಸ ಮಾಡಿದವನು, ಎಲ್ಲರಿಗೂ ಪರಿಚಯ. ಸರಕಾರಿ ನೌಕರ ದೋಣಿ ತರುತ್ತಿದ್ದಾನೆ ಎಂದರೆ ಸರಕಾರಕ್ಕೆ ಏನೋ ಗೊತ್ತಿರಬೇಕು ಎಂದು ಯಾರೋ ಅಂದರು. ಅಷ್ಟು ಸಾಕಾಯಿತು. ಎಲ್ಲಿಯದೋ ಕಟ್ಟೆ ಒಡೆದಿದೆ, ನೀರು ಬರಲಿದೆ ಎಂಬ ಸುದ್ದಿ ಟ್ರ್ಯಾಕ್ಟರಿಗಿಂತ ಮುಂದೆ ಓಡಿತು. ಒಬ್ಬ ಮುದುಕಿ ತನ್ನ ಜೋಳದ ಚೀಲಗಳನ್ನೆಲ್ಲ ಅಟ್ಟಕ್ಕೆ ಏರಿಸಿಬಿಟ್ಟಳಂತೆ. ಮಳೆಗಾಲ ಕಳೆಯುವ ತನಕ ಅವನ್ನು ಕೆಳಗೆ ಇಳಿಸಲು ಒಪ್ಪಲಿಲ್ಲ ಎಂದು ಆಮೇಲೆ ಕೇಳಿದೆವು.

ಇಬ್ರಾಹಿಂಪುರದಲ್ಲಿ ದೋಣಿಯನ್ನು ಬೇವಿನ ಮರಕ್ಕೆ ಕಟ್ಟಿದ್ದಾಯಿತು. ಮಾಮಿ ಹೊರಗೆ ಬಂದು ದೂರದಿಂದ ನೋಡಿದಳು. ಇದು ಇನ್ನು ಮೇಲೆ ಇಲ್ಲೇ ಇರುತ್ತದೆಯೇ ಎಂದು ಕೇಳಿದಳು. ಮಳೆಗಾಲ ಮುಗಿಯುವ ತನಕ ಇಲ್ಲೇ ಎಂದ ಮಾಮಾ. ಅವಳ ಮುಖ ಅರಳಿತು. ಮಾಮಾನ ಮುಖ ಅದಕ್ಕಿಂತ ಹೆಚ್ಚು ಅರಳಿತು.

ಈಗ ದೋಣಿ ಸೋರುತ್ತದೆಯೋ ಇಲ್ಲವೋ ನೋಡಬೇಕಲ್ಲ? ಹೊಳೆಸೀಮೆಯವರಾದರೆ ನೀರಿನಲ್ಲಿ ಇಳಿಸಿ ನೋಡುತ್ತಾರೆ. ನಾವು ಬಯಲುಸೀಮೆಯ ಮಂದಿ. ಕೊಡ ಸೋರುತ್ತದೆಯೇ ಎಂದು ನೋಡಲು ಕೊಡದೊಳಗೆ ನೀರು ಹಾಕುತ್ತೇವೆ. ದೋಣಿಗೂ ಹಾಗೆಯೇ ಹಾಕಿದೆವು! ಅವತ್ತು ನಳಕ್ಕೆ ಏನು ದಯೆ ಬಂದಿತ್ತೋ, ಸಂಜೆಯವರೆಗೂ ನೀರು ಬಂತು. ಓಣಿಯ ಹೆಂಗಸರೆಲ್ಲ ಕುತೂಹಲಕ್ಕೆ ಒಂದೊಂದು ಕೊಡ ಸುರಿದರು. ಒಣಗಿ ಬಿರುಕು ಬಿಟ್ಟ ದೋಣಿ ಎಲ್ಲ ಕಡೆಯಿಂದಲೂ ಸೋರಿತು. ಮಾಮಾ ದನದ ಗಾಯಕ್ಕೆ ಹಚ್ಚುವ ಕಪ್ಪು ಮುಲಾಮು ತಂದು ಬಿರುಕುಗಳಿಗೆಲ್ಲ ಬಳಿದ, ಮತ್ತೆ ನೀರು ತುಂಬಿಸಿದ. ಕೆಲವು ದಿನಗಳಲ್ಲಿ ಹಲಗೆ ನೀರು ಕುಡಿದು ಉಬ್ಬಿ ಸೋರುವುದು ತಾನೇ ನಿಂತಿತು. ಮುಲಾಮಿನ ಗುಣ ಎಂದು ಮಾಮಾ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ಸೋರುವುದು ನಿಂತಿತು, ಇನ್ನು ಖಾಲಿ ಮಾಡೋಣ ಎಂದರೆ ಓಣಿಯ ಹೆಂಗಸರು ಬಿಡಬೇಕಲ್ಲ! ಬೇಸಿಗೆಯಲ್ಲಿ ಮನೆ ಮುಂದೆ ದೋಣಿ ತುಂಬ ನೀರು. ಇಂಥ ಭಾಗ್ಯವನ್ನು ಯಾರಾದರೂ ಚರಂಡಿಗೆ ಚೆಲ್ಲುತ್ತಾರೆಯೇ? ನಳ ಬಂದಾಗ ತುಂಬಿಸುವುದು, ಬಾರದಾಗ ತೋಡಿಕೊಳ್ಳುವುದು ಎಂದು ಅವರೇ ಕಟ್ಟುಪಾಡು ಮಾಡಿಕೊಂಡರು. ನೀರಿನ ಮೇಲೆ ಇರಬೇಕಾದ ದೋಣಿ ಆ ಬೇಸಿಗೆಯಿಡೀ ನೀರನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬೇವಿನ ನೆರಳಿನಲ್ಲಿ ನಿಂತಿತು. ಮಾಮಿಗೆ ಓಣಿಯಲ್ಲಿ ಒಮ್ಮೆಲೇ ಮರ್ಯಾದೆ ಹೆಚ್ಚಿತು. ಸಂಜೆ ದೋಣಿಯ ಅಂಚಿಗೆ ಕೈಯಿಟ್ಟು ನಿಂತು, ನೀರು ಅಂದರೆ ಹೀಗಿರಬೇಕು, ಇಟ್ಟಲ್ಲಿ ಇರಬೇಕು ಎಂದು ನನ್ನ ತಾಯಿಗೆ ಹೇಳುತ್ತಿದ್ದಳು. ಅವಳನ್ನು ಅಷ್ಟು ಸಂತೋಷದಿಂದ ನಾನು ಯಾವತ್ತೂ ನೋಡಿರಲಿಲ್ಲ.

ಮತ್ತೆ ಮಳೆಗಾಲ ಬಂತು, ಹೋಯಿತು, ಕೆರೆ ತುಂಬಿತು. ಮಾಮಾ ಕ್ಯಾಲೆಂಡರ್ ನೋಡಿ ಒಂದು ರವಿವಾರ ಗೊತ್ತು ಮಾಡಿದ. ಅವತ್ತು ಬೆಳಿಗ್ಗೆ ಮಾಮಿಗೆ ತಲೆನೋವು ಬಂತು. ಮಾಮಾ ಹಣೆ ಮುಟ್ಟಿ ನೋಡಿದ, ಕಿವಿ ಮುಟ್ಟಿ ನೋಡಿದ, ಏನೂ ಇಲ್ಲ, ಖುಷಿಗೆ ಹೀಗಾಗಿದೆ ಎಂದ. ಹೊನವಾಡದ ಗೆಳೆಯ ಟ್ರ್ಯಾಕ್ಟರ್ ತಂದ. ಸಜ್ಜೆ ರೊಟ್ಟಿ, ತುಂಬುಗಾಯಿ, ಶೇಂಗಾ ಹಿಂಡಿ, ಮೊಸರು ಎಲ್ಲ ಬುತ್ತಿ ಕಟ್ಟಿದೆವು. ಮೀನು ಹುರಿಯಲು ಬಾಣಲೆ, ಎಣ್ಣೆ, ಖಾರಪುಡಿ ಬೇರೆ. ಮಕ್ಕಳ ಸಂಭ್ರಮ ಹೇಳತೀರದು. ಬಬಲೇಶ್ವರ ದಾಟುವಾಗ ಮಾಮಾನ ಪರಿಚಯದವರೆಲ್ಲ ರಸ್ತೆಗೆ ಬಂದು ಸಲಾಂ ಹೇಳಿದರು.

ಮಮದಾಪುರದ ಕೆರೆ ಆಚೆ ದಂಡೆ ಕಾಣದಷ್ಟು ತುಂಬಿತ್ತು. ಟ್ರ್ಯಾಕ್ಟರ್ ಹಿಂದಕ್ಕೆ ಸರಿಸಿ ಗಾಲಿ ಮುಳುಗುವಷ್ಟು ಇಳಿಸಿದಾಗ ದೋಣಿ ಗಾಡಿಯನ್ನು ಬಿಟ್ಟು ತಾನೇ ಮೇಲೆದ್ದಿತು. ನಿಜವಾಗಿಯೂ ತೇಲಿತು! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೊದಲ ಸುತ್ತಿಗೆ ಮಾಮಾನೂ ನಾನೂ ಹತ್ತಿದೆವು. ಮಾಮಾನಿಗೆ ಹುಟ್ಟು ಹಾಕಲು ಬಲಗೈಯಲ್ಲಿ ಮಾತ್ರ ಬರುತ್ತಿತ್ತು. ಅದರಿಂದ ದೋಣಿ ಮುಂದೆ ಹೋಗದೆ ಗಾಣದೆತ್ತಿನ ಹಾಗೆ ಇದ್ದಲ್ಲೇ ತಿರುಗಿತು. ಅದೇ ಸಮಯಕ್ಕೆ ಅತ್ತ ಕಡೆ ಎಮ್ಮೆಗಳ ಹಿಂಡೊಂದು ಕುತ್ತಿಗೆವರೆಗೆ ನೀರಿನಲ್ಲಿ ಕೂತು ಸುಖಪಡುತ್ತಿತ್ತು. ಅವುಗಳಲ್ಲಿ ಬಹಳಷ್ಟು ಮಾಮಾನಿಂದ ಸೂಜಿ ಚುಚ್ಚಿಸಿಕೊಂಡವು. ಒಂದು ಎಮ್ಮೆ ತಲೆ ಎತ್ತಿ ಅವನನ್ನು ನೋಡಿತು, ಗುರುತು ಹಿಡಿಯಿತು, ಬಾಲ ಎತ್ತಿ ಓಡಿತು. ಅದರ ಹಿಂದೆ ಇಡೀ ಹಿಂಡು! ಆ ಅಲೆಗೆ ನಾವು ದಂಡೆಗೆ ಬಂದು ಬಿದ್ದೆವು. ಮೀನುಗಳೂ ಆ ಗದ್ದಲಕ್ಕೆ ಎಲ್ಲಿ ಹೋದವೋ ಏನೋ, ಗಾಳ ಹಾಕಿ ಎಷ್ಟು ಹೊತ್ತು ಕೂತರೂ ಒಂದೂ ಸಿಗಲಿಲ್ಲ. ಬಾಣಲೆಯಲ್ಲಿ ಕಡೆಗೆ ಉಳ್ಳಾಗಡ್ಡಿ ಭಜಿ ಕರಿದೆವು.

ಭಜಿ ತಿಂದಾದ ಮೇಲೆ ಮಾಮಾ ಒದ್ದೆ ಪ್ಯಾಂಟು ಮಡಿಚಿಕೊಂಡು ದೋಣಿಯ ಪಕ್ಕ ನೀರಿನಲ್ಲಿ ನಿಂತು, ಬಾ ಎಂದು ಮಾಮಿಯನ್ನು ಕರೆದ. ಇಷ್ಟು ವರ್ಷ ಕಾದದ್ದು ಇದೇ ಗಳಿಗೆಗೆ. ಮಾಮಿ ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ದಂಡೆಯ ಕಲ್ಲಿನ ಮೇಲೆ ಕೂತಿದ್ದವಳು ಏಳಲಿಲ್ಲ. ಮಾಮಾ ಮತ್ತೆ ಕರೆದ. ಇದು ನಿನ್ನ ಹೊಳೆಯಷ್ಟು ಚಂದ ಇಲ್ಲ ನಿಜ, ಆದರೂ ನೀರೇ ಅಲ್ಲವೇ ಎಂದ. ಮಾಮಿ ತಲೆ ಬಗ್ಗಿಸಿದಳು.

"ನನಗ ನೀರಂದ್ರ ಅಂಜಿಕಿ ರೀ," ಎಂದಳು.

ಮಾಮಾ ನೀರಿನಿಂದ ಮೇಲೆ ಬಂದು ಅವಳ ಹತ್ತಿರ ನೆಲದ ಮೇಲೆ ಕೂತ. ಮಾಮಿ ಮೆಲ್ಲಗೆ ಹೇಳುತ್ತ ಹೋದಳು. ಮಳೆಗಾಲ ಬಂತೆಂದರೆ ಅವಳ ತವರಿನ ಹಿತ್ತಲ ಬಾಗಿಲಿನಿಂದ ಹೊಳೆ ಒಳಗೆ ಬರುತ್ತಿತ್ತಂತೆ. ಪಾತ್ರೆಗಳು ಅಡಿಗೆಮನೆಯಲ್ಲೇ ತೇಲುತ್ತಿದ್ದವು, ಕಾಳೆಲ್ಲ ನೆನೆದು ನಾರುತ್ತಿತ್ತು, ಗೋಡೆ ಕುಸಿಯುತ್ತಿತ್ತು. ಅವಳ ಅವ್ವ ಸಣ್ಣ ಮಕ್ಕಳನ್ನು ಹೊತ್ತುಕೊಂಡು ದರ್ಗಾದ ದಿಬ್ಬ ಹತ್ತುತ್ತಿದ್ದಳು. ನೀರು ಯಾವ ಮೆಟ್ಟಿಲಿಗೆ ಬಂತು, ಯಾವ ಮೆಟ್ಟಿಲಿಗೆ ಬಂತು ಎಂದು ನೋಡುವುದರಲ್ಲೇ ಅವಳ ಬಾಲ್ಯ ಕಳೆಯಿತು. ಇಬ್ರಾಹಿಂಪುರದ ಸಂಬಂಧ ಬಂದಾಗ ಊರಿನ ಹೆಂಗಸರೆಲ್ಲ ಅವಳನ್ನು ಕಂಡು ಮರುಗಿದ್ದರು.

"ಆ ಊರಾಗ ನೀರಿಲ್ಲ ಅಂದ್ರು," ಎಂದಳು ಮಾಮಿ. "ಅದೊಂದು ಮಾತು ಕೇಳೇ ನಾ ಹೂಂ ಅಂದೆ."

ಮಾಮಾ ನೆಲ ನೋಡುತ್ತ ಕೂತ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನನ್ನ ಸಲುವಾಗಿ ಅಂತ ಅಷ್ಟು ಖುಷಿಲೆ ಓಡ್ಯಾಡಾಕತ್ತಿದ್ರಿ. ಹೆಂಗ ಹೇಳ್ಲಿ?"

ದೋಣಿ ಮಾರಿಬಿಡೋಣ ಎಂದು ಮಾಮಾ ಎದ್ದ. ಅದರ ಹಗ್ಗ ಎಳೆದು ಗಾಡಿಯ ಕಡೆಗೆ ತಿರುಗಿಸತೊಡಗಿದ. ಮಾಮಿ ಬುತ್ತಿಯ ಗಂಟನ್ನು ನನ್ನ ಕೈಗೆ ಕೊಟ್ಟಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೀರಿನ ಅಂಚಿಗೆ ಹೋಗಿ ನಿಂತು ಕೈ ಚಾಚಿದಳು.

"ಕೈ ಹಿಡೀರಿ."

"ಅಂಜಿಕಿ ಅಂದೆಲ್ಲ?"

"ಅಂಜಿಕೇ ಐತಿ. ಅದಕ್ಕ ಕೈ ಹಿಡೀರಿ ಅಂದೆ."

ಅವಳು ಹತ್ತಿ ಕೂತಳು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಮಾಮಾನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ಮಾಮಾ ಹುಟ್ಟು ಹಾಕಿದ. ದೋಣಿ ದಂಡೆಯಿಂದ ನಾಲ್ಕು ಮಾರು ಹೋಗಿ, ತನ್ನ ಅಭ್ಯಾಸದಂತೆ ಅಲ್ಲೇ ಸುತ್ತು ತಿರುಗತೊಡಗಿತು. ಮಕ್ಕಳು ನಗಲು ಬಾಯಿ ತೆರೆದರು. ನನ್ನ ತಾಯಿ ಇಬ್ಬರ ಬಾಯಿಯನ್ನೂ ಕೈಯಿಂದ ಮುಚ್ಚಿದಳು.

"ಎಲ್ಲಿಗೆ ಬಂದ್ವಿ?" ಮಾಮಿ ಕಣ್ಣು ತೆರೆಯದೆ ಕೇಳಿದಳು.

ಮಾಮಾ ಬೆವರು ಸುರಿಸುತ್ತ, ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರದಲ್ಲಿ ನಿಂತಿದ್ದ ನಮ್ಮನ್ನು ಒಮ್ಮೆ ನೋಡಿದ.

"ನಟ್ಟ ನಡುವ ಬಂದೀವಿ," ಎಂದ.

ಮಾಮಿ ಅವನ ಅಂಗಿ ಬಿಡಲಿಲ್ಲ, ಕಣ್ಣನ್ನೂ ತೆರೆಯಲಿಲ್ಲ. ಆದರೆ ಅವಳ ಮುಖದಲ್ಲಿ ನಗು ಬಂತು. ಹಂಗಾದರ ಇನ್ನೊಂದು ಸ್ವಲ್ಪ ಮುಂದ ಹೋಗೂಣು ಎಂದಳು.